ಕಾಪಿಯಲ್ಲೂ ನಂಬರ್ ಮಾಯ!

ನಿಮ್ಮ ಲಾಗ್‌ಸ್ಟ್ಯಾಶ್ ಫಿಲ್ಟರಿನ ಇಫ್ ಷರತ್ತು ಸರಿಯಾಗಿದೆ. ಪೇಮೆಂಟ್ ಲಾಗುಗಳಷ್ಟೇ ಒಳಗೆ ಬರುತ್ತಿವೆ. ಎಡವಟ್ಟಿರುವುದು ಅದರೊಳಗಿನ ಮ್ಯುಟೇಟ್‌ನಲ್ಲಿ. ಮೊದಲು ಮೆಸೇಜ್ ಫೀಲ್ಡನ್ನು ಕಾಪಿ ಮಾಡಿ, ಆಮೇಲೆ ಜಿಸಬ್‌ನಿಂದ ಫೋನ್ ನಂಬರ್ ಅಳಿಸಲು ಬರೆದಿದ್ದೀರಿ. ಆದರೆ ಒಂದೇ ಮ್ಯುಟೇಟ್ ಬ್ಲಾಕಿನೊಳಗೆ ಲಾಗ್‌ಸ್ಟ್ಯಾಶ್ ನೀವು ಬರೆದ ಕ್ರಮ ನೋಡುವುದಿಲ್ಲ. ಅದಕ್ಕೆ ತನ್ನದೇ ಸರದಿಯಿದೆ: ರಿನೇಮ್ ಮುಂಚೆ, ಆಮೇಲೆ ಕನ್ವರ್ಟ್, ಜಿಸಬ್, ಕಾಪಿ ಕಟ್ಟಕಡೆಗೆ. (ಕೈಪಿಡಿಯಲ್ಲಿ ಇದೆ, ಓದುವವರು ಯಾರು!) ಹಾಗಾಗಿ ನಂಬರ್ ಅಳಿದ ಮೇಲೆ ಕಾಪಿಯಾಗುತ್ತಿದೆ.

ಅದೇ ಇಫ್ ಒಳಗೆ ಎರಡು ಮ್ಯುಟೇಟ್ ಬರೆಯಿರಿ: ಮೊದಲನೆಯದರಲ್ಲಿ ಕಾಪಿ, ಎರಡನೆಯದರಲ್ಲಿ ಜಿಸಬ್. ಬ್ಲಾಕುಗಳು ಬರೆದ ಕ್ರಮದಲ್ಲೇ ಓಡುತ್ತವೆ. ಇನ್ನೊಂದು ಮಾತು: ನಂಬರ್ ಉಳಿದಿರುವ ಆ ಕಾಪಿಯನ್ನು ಮೆಟಾಡೇಟಾ ಫೀಲ್ಡಿನೊಳಗೆ ಇಡಿ. ಅದು ಔಟ್‌ಪುಟ್‌ಗೆ ಹೋಗುವುದಿಲ್ಲ. ಗ್ರಾಹಕರ ನಂಬರನ್ನು ದಯವಿಟ್ಟು ಇಂಡೆಕ್ಸ್‌ಗೆ ಸೇರಿಸಬೇಡಿ.