ಸರ್ಕಾರಿ ಆಸ್ಪತ್ರೆಯ ಔಷಧ: ರೋಗಿಯ ಮಾತಿಗೂ ಬೆಲೆಯಿದೆ

ಆಯುರ್ವೇದವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಚರಕ ಸಂಹಿತೆಯ ಸೂತ್ರಸ್ಥಾನವು ಔಷಧದ ನಾಲ್ಕು ಗುಣಗಳನ್ನು ಎಣಿಸುವಾಗ ಮೊದಲು ಹೇಳುವುದು 'ಬಹುತಾ', ಅಂದರೆ ಹೇರಳವಾಗಿ ದೊರೆಯುವಿಕೆ. ಎಷ್ಟೇ ಶ್ರೇಷ್ಠವಾದ ಔಷಧವಾದರೂ ಬೇಕಾದಾಗ ಸಿಗದಿದ್ದರೆ ಅದು ಇದ್ದೂ ಇಲ್ಲದಂತೆ. ರೋಗಿಯ ಗುಣಗಳಲ್ಲಿ ಚರಕವು 'ಜ್ಞಾಪಕತ್ವ'ವನ್ನು, ಅಂದರೆ ತನ್ನ ಸ್ಥಿತಿಯನ್ನು ತಿಳಿಯಪಡಿಸುವ ಶಕ್ತಿಯನ್ನು ಹೇಳಿದೆ. ಅಷ್ಟಾಂಗಹೃದಯದಲ್ಲಿ ವಾಗ್ಭಟನು ರೋಗಿಯು 'ಆಢ್ಯ'ನೂ, ಅಂದರೆ ಧನವಂತನೂ ಆಗಿರಬೇಕೆಂದು ಸೇರಿಸಿದ್ದಾನೆ. ಕೇಳಲು ಕಟುವಾದರೂ ಇದು ಅನುಭವದ ಮಾತು. ಧನವಿಲ್ಲದವರಿಗೂ ಚಿಕಿತ್ಸೆ ದೊರೆಯಲೆಂದೇ ಸರ್ಕಾರಿ ಆಸ್ಪತ್ರೆಗಳಿವೆ.

ನಮ್ಮಲ್ಲಿಗೆ ಬರುವವರಲ್ಲಿ ಅನೇಕರು ಸರ್ಕಾರಿ ಆಸ್ಪತ್ರೆಗೂ ಹೋಗುವವರೇ. ಅವರಿಂದ ನಾವು ಮತ್ತೆ ಮತ್ತೆ ಕೇಳುವ ಮಾತುಗಳು ಮೂರು. ಮೊದಲನೆಯದು, "ವೈದ್ಯರು ಚೆನ್ನಾಗಿ ನೋಡಿದರು, ಆದರೆ ಒಂದು ಗುಳಿಗೆ ಕೊಟ್ಟು ಉಳಿದದ್ದನ್ನು ಹೊರಗೆ ಬರೆದರು" ಎಂಬುದು. ಎರಡನೆಯದು, "ಹತ್ತು ದಿನಕ್ಕಾಗುವಷ್ಟೇ ಕೊಡುತ್ತಾರೆ, ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುತ್ತದೆ" ಎಂಬುದು. ಔಷಧ ಉಚಿತವಾದರೂ ಅದನ್ನು ತರುವ ಖರ್ಚು ಉಚಿತವಲ್ಲ. ಮೂರನೆಯದು, "ಪುಕ್ಕಟೆ ಗುಳಿಗೆಯಿಂದ ಗುಣವಾಗದು" ಎಂಬ ಸಂಶಯ. 2024ರಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಮೃತಪಟ್ಟಾಗ ಅವರಿಗೆ ನೀಡಿದ ದ್ರಾವಣದ ಗುಣಮಟ್ಟವೇ ಪ್ರಶ್ನೆಗೊಳಗಾಯಿತು. ಆದ್ದರಿಂದ ಈ ಭಯವನ್ನು ಹಗುರವಾಗಿ ಕಾಣಲಾಗದು. ಹಾಗೆಂದು ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಔಷಧವನ್ನು ಕೀಳೆನ್ನುವುದೂ ಸಲ್ಲದು.

ಈ ಕೊರತೆಯ ಪೆಟ್ಟು ಹೆಚ್ಚಾಗಿ ಬೀಳುವುದು ರಕ್ತದೊತ್ತಡ ಹಾಗೂ ಮಧುಮೇಹದವರಿಗೆ. ಗುಳಿಗೆ ಸಾಲದಾದಾಗ ಅವರು ದಿನ ಬಿಟ್ಟು ದಿನ ಸೇವಿಸುತ್ತಾರೆ, ಇಲ್ಲವೇ ಅರ್ಧ ಮಾಡಿ ನುಂಗುತ್ತಾರೆ. ಹೊರಗೆ ಯಾವ ಲಕ್ಷಣವೂ ತೋರದ ಕಾರಣ ಇದೇ ಸಾಕೆನಿಸುತ್ತದೆ. ಒಳಗೆ ಏರಿದ ಒತ್ತಡವು ಮುಂದೊಂದು ದಿನ ಪಾರ್ಶ್ವವಾಯುವಾಗಿ ಪ್ರಕಟವಾಗಬಹುದು. ಉಳಿಸಿದ ಕೆಲವು ರೂಪಾಯಿಗಳಿಗೆ ಇಡೀ ಮನೆತನವೇ ಬೆಲೆ ತೆರಬೇಕಾಗುತ್ತದೆ.

ಕೊರತೆಗೆ ಔಷಧ ವಿತರಿಸುವ ಕಿಟಕಿಯಲ್ಲಿ ಕುಳಿತವರನ್ನು ದೂರಿ ಫಲವಿಲ್ಲ. ಆಸ್ಪತ್ರೆಯ ಬೇಡಿಕೆ ಪಟ್ಟಿ, ಟೆಂಡರು, ಸರಬರಾಜು, ಪರೀಕ್ಷೆ ಎಂಬ ಹಂತಗಳಲ್ಲಿ ಒಂದು ತಡವಾದರೂ ಕಪಾಟು ಬರಿದಾಗುತ್ತದೆ. ಸದ್ಭಕ್ತರು ಅನುಸರಿಸಬಹುದಾದ ಕ್ರಮಗಳು ಇವು:

1. ಹೊರಗೆ ಬರೆದುಕೊಟ್ಟಾಗ, ಅದೇ ಕೆಲಸ ಮಾಡುವ ಬೇರೆ ಔಷಧ ಆಸ್ಪತ್ರೆಯಲ್ಲಿದೆಯೇ ಎಂದು ವೈದ್ಯರನ್ನೇ ವಿನಯದಿಂದ ಕೇಳಬೇಕು.

2. ಕಂಪನಿಯ ಹೆಸರಿನ ಬದಲು ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಮುಂತಾದ ಮೂಲ ಹೆಸರನ್ನು ಬರೆಸಿಕೊಳ್ಳಬೇಕು. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಮಳಿಗೆಗಳಲ್ಲಿ ಇವು ಬಹಳ ಅಗ್ಗವಾಗಿ ದೊರೆಯುತ್ತವೆ.

3. ಇರುವ ಗುಳಿಗೆ ಮುಗಿಯಲು ಒಂದು ವಾರವಿರುವಾಗಲೇ ಮುಂದಿನದನ್ನು ತರಬೇಕು.

4. ಔಷಧವಿಲ್ಲವೆಂದಾದರೆ ಅದರ ಹೆಸರು ಮತ್ತು ದಿನಾಂಕವನ್ನು ಬರೆದು ಆಡಳಿತ ವೈದ್ಯಾಧಿಕಾರಿಗೆ ಅಥವಾ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಸಲ್ಲಿಸಬೇಕು.

5. ಗುಳಿಗೆ ಸಿಗಲಿಲ್ಲವೆಂದು ಅದನ್ನು ಬಿಟ್ಟು ಚೂರ್ಣ, ಕಷಾಯಗಳಿಗೆ ತಾವಾಗಿಯೇ ತಿರುಗಬಾರದು. ಆಯುರ್ವೇದ ವೈದ್ಯರಾದ ನಾವೇ ಇದನ್ನು ಒತ್ತಿ ಹೇಳುತ್ತೇವೆ. ಬದಲಾವಣೆ ಬೇಕಿದ್ದರೆ ಇಬ್ಬರೂ ವೈದ್ಯರಿಗೆ ತಿಳಿಸಿಯೇ ಆಗಬೇಕು.

ಜ್ಞಾಪಕತ್ವವೆಂದರೆ ನೋವು, ಜ್ವರಗಳನ್ನು ಹೇಳಿಕೊಳ್ಳುವುದು ಮಾತ್ರವಲ್ಲ. ಔಷಧ ದೊರೆಯಲಿಲ್ಲ, ಕೊಳ್ಳಲು ಹಣ ಸಾಲಲಿಲ್ಲ ಎನ್ನುವುದೂ ವೈದ್ಯನಿಗೆ ತಿಳಿಯಬೇಕಾದ ಸ್ಥಿತಿಯೇ. ಅದನ್ನು ಹೇಳಲು ರೋಗಿ ನಾಚಬಾರದು; ಕೇಳಲು ವೈದ್ಯನು ಬೇಸರಿಸಬಾರದು.