ಆಯಿಲ್ ಫಿಲ್ಟರ್ ಅಸಲಿಯೋ ನಕಲಿಯೋ: ಶಹಾಪುರದ ವಾಹನ ಮಾಲೀಕರಿಗೆ ಕಾನೂನು ಕೊಟ್ಟಿರುವ ಬಲ

ಎರಡು ಆಯಿಲ್ ಫಿಲ್ಟರ್‌ಗಳನ್ನು ಅಂಗಡಿಯ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟರೆ ಹೊರಗಿನ ತಗಡಿನ ಡಬ್ಬಿಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಗುಣಮಟ್ಟವೆಲ್ಲ ಒಳಗಿದೆ. ಮಡಿಕೆ ಹಾಕಿದ ಶೋಧಕ ಕಾಗದ ಎಷ್ಟು ಸಣ್ಣ ಕಣವನ್ನು ಹಿಡಿಯುತ್ತದೆ, ಎಂಜಿನ್ ನಿಂತಾಗ ಎಣ್ಣೆ ಸೋರಿಹೋಗದಂತೆ ತಡೆಯುವ ರಬ್ಬರ್ ಕವಾಟ ಬಿಸಿಗೆ ಬಿರುಸಾಗದೆ ಉಳಿಯುತ್ತದೆಯೇ, ಕಾಗದ ಕಟ್ಟಿಕೊಂಡಾಗ ಎಣ್ಣೆಗೆ ದಾರಿ ಬಿಡುವ ಬೈಪಾಸ್ ಕವಾಟ ಸರಿಯಾದ ಒತ್ತಡಕ್ಕೇ ತೆರೆಯುತ್ತದೆಯೇ ಎಂಬುದರ ಮೇಲೆ ಎಂಜಿನ್ನಿನ ಆಯುಷ್ಯ ನಿಂತಿದೆ. ಬೈಪಾಸ್ ಬೇಗ ತೆರೆದರೆ ಶೋಧಿಸದ ಎಣ್ಣೆಯೇ ಬೇರಿಂಗ್‌ಗಳಿಗೆ ಹೋಗುತ್ತದೆ. ತೆರೆಯದೇ ಇದ್ದರೆ ಎಂಜಿನ್ನಿಗೆ ಎಣ್ಣೆಯೇ ಸಾಲದು. ಇದನ್ನು ಅಳೆಯಲು ಐಎಸ್‌ಓ 4548ರಂಥ ಪ್ರಯೋಗಾಲಯ ಪರೀಕ್ಷೆಗಳೇ ಬೇಕು. ಕೈಯಲ್ಲಿ ತೂಗಿ ನೋಡಿ, ಬಣ್ಣ ನೋಡಿ ತೀರ್ಮಾನಿಸುವುದು ಅಂದಾಜಷ್ಟೇ. ಹಾಗಾಗಿ ಸಾಮಾನ್ಯ ಗ್ರಾಹಕ ಹೋಲಿಸಬಹುದಾದದ್ದು ಫಿಲ್ಟರನ್ನಲ್ಲ, ಅದರ ಬಗ್ಗೆ ಮಾರುವವನು ಬರೆದುಕೊಡುವ ಮಾತನ್ನು. ಆ ಮಾತನ್ನು ಕಾಗದದ ಮೇಲೆ ಪಡೆದುಕೊಂಡವನ ಬೆನ್ನಿಗೆ ಕಾನೂನು ಗಟ್ಟಿಯಾಗಿ ನಿಲ್ಲುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ಗುಣಮಟ್ಟ, ಪ್ರಮಾಣ, ಬೆಲೆಗಳ ಮಾಹಿತಿ ಪಡೆಯುವುದನ್ನು ಗ್ರಾಹಕನ ಹಕ್ಕು ಎಂದೇ ಕರೆದಿದೆ. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ತಯಾರಾದ ತಿಂಗಳು, ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಹೇಳಲು ಸಂಪರ್ಕ ಇರಬೇಕು. ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. ವಾಹನ ಕಂಪನಿಯ ಹೆಸರಿನಲ್ಲಿ ಬರುವ ಫಿಲ್ಟರ್ ಒಂದು ಬಗೆ. ಬಾಷ್, ಮಾಹ್ಲೆಯಂಥ ತಯಾರಕರು ತಮ್ಮದೇ ಹೆಸರಿನಲ್ಲಿ ಮಾರುವುದು ಇನ್ನೊಂದು ಬಗೆ. ಎರಡೂ ಕಾನೂನುಬದ್ಧ. ಕಡಿಮೆ ಬೆಲೆಯದ್ದೆಲ್ಲ ಡೂಪ್ಲಿಕೇಟ್ ಅಲ್ಲ. ಅಸಲಿ ಅಲ್ಲದ್ದನ್ನು ಅಸಲಿ ಎಂದು ಸುಳ್ಳು ಹೇಳಿ ಮಾರಿದಾಗ ಮಾತ್ರ ಕಾಯ್ದೆಯ ಕಣ್ಣಿನಲ್ಲಿ ಅದು ನಕಲಿ ಸರಕು. ಅಸಲಿ ಫಿಲ್ಟರಿನಲ್ಲೂ ದೋಷ ಇರಬಹುದು, ಅದಕ್ಕೂ ಪರಿಹಾರವಿದೆ. ಆದರೆ ದೂರಿನಲ್ಲಿ ನಕಲಿ ಎನ್ನುತ್ತೀರೋ ದೋಷಯುಕ್ತ ಎನ್ನುತ್ತೀರೋ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳದಿದ್ದರೆ ವಾದ ಸಡಿಲವಾಗುತ್ತದೆ.

ಕಂಪನಿಯ ಫಿಲ್ಟರ್ ಬಿಟ್ಟು ಬೇರೆ ಹಾಕಿಸಿದರೆ ವಾರಂಟಿ ಹೋಗುತ್ತದೆ, ಹಾಗಿರುವಾಗ ಹೋಲಿಕೆಯೇ ವ್ಯರ್ಥ ಎಂಬ ಆಕ್ಷೇಪ ಎಲ್ಲೆಡೆ ಕೇಳಿಬರುತ್ತದೆ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ವಿರುದ್ಧ ನೀಡಿದ ಆದೇಶ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದೆ ಕಟ್ಟಿಹಾಕಿದ್ದಕ್ಕೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದಾಗುತ್ತದೆಂಬ ಷರತ್ತು ಸಲ್ಲದು, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದಿತು. ಕಂಪನಿಗಳು ಮೇಲ್ಮನವಿ ಹೋದದ್ದರಿಂದ ಈ ಆದೇಶವನ್ನೇ ಅಂತಿಮ ಮಾತೆಂದು ಹಿಡಿಯಬಾರದು. ಆದರೂ ಅದರ ಹಿಂದಿನ ತರ್ಕ ಗಟ್ಟಿಯಾಗಿದೆ. ವಾರಂಟಿ ನಿರಾಕರಿಸಿದರೆ, ಈ ಫಿಲ್ಟರಿನಿಂದಲೇ ಈ ಹಾನಿ ಹೇಗಾಯಿತು ಎಂಬ ಕಾರಣವನ್ನು ಬರಹದಲ್ಲಿ ಕೇಳಿ. ವಾರಂಟಿ ಪುಸ್ತಕದ ಷರತ್ತನ್ನೂ ಓದಿ ಇಟ್ಟುಕೊಳ್ಳಿ.

ಇನ್ನು ಸಾಕ್ಷ್ಯದ ಮಾತು. ಬಿಲ್ ಕೊಡದಿರುವುದೇ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿರುವುದೂ ಹಾಗೆಯೇ. ಬಿಲ್ಲಿನಲ್ಲಿ ಬರೀ "ಫಿಲ್ಟರ್" ಎಂದಿದ್ದರೆ ಸಾಲದು. ಬ್ರಾಂಡ್, ಪಾರ್ಟ್ ನಂಬರ್, ವಾಹನದ ನೋಂದಣಿ ಸಂಖ್ಯೆ, ಓಡಿದ ಕಿಲೋಮೀಟರ್ ಬರೆಸಿ. ರಟ್ಟಿನ ಪೆಟ್ಟಿಗೆಯನ್ನು ಎಸೆಯಬೇಡಿ. ಎಂಜಿನ್ ಕೆಟ್ಟರೆ ಬಿಚ್ಚಿದ ಫಿಲ್ಟರನ್ನು ಗರಗಸದಿಂದ ಕೊಯ್ಯಿಸಿ ನೋಡುವ ಆತುರ ಬೇಡ. ಫೋಟೊ ತೆಗೆದು, ಹಾಗೆಯೇ ಚೀಲದಲ್ಲಿ ಕಟ್ಟಿಡಿ. ಪರೀಕ್ಷೆ ಇಲ್ಲದೆ ದೋಷ ತಿಳಿಯದು ಎನಿಸಿದಾಗ, ಕಲಂ 38ರ ಪ್ರಕಾರ ಗ್ರಾಹಕ ಆಯೋಗವೇ ಮಾದರಿ ಪಡೆದು, ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ. 45 ದಿನದಲ್ಲಿ ವರದಿ ಬರಬೇಕು; ಪರೀಕ್ಷೆಯ ಶುಲ್ಕವನ್ನು ಮೊದಲು ದೂರುದಾರನೇ ಕಟ್ಟಬೇಕು. ಕೊಯ್ದ ಫಿಲ್ಟರ್ ಎದುರು ಪಕ್ಷಕ್ಕೆ ಸುಲಭದ ನೆಪ. ಆಯಿಲ್ ಬದಲಿಸಿದ ಬಿಲ್ಲುಗಳೂ ಬೇಕು, ಏಕೆಂದರೆ ಸರಕನ್ನು ತಪ್ಪಾಗಿ ಬಳಸಿದ್ದು ಮಾರಾಟಗಾರನಿಗೆ ರಕ್ಷಣೆಯಾಗುತ್ತದೆ.

ಗಡಿಭಾಗದವರಿಗೆ ಈ ಕಾಯ್ದೆಯ ದೊಡ್ಡ ಉಪಕಾರ ಕಲಂ 34ರಲ್ಲಿದೆ. ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಯ ಶಹಾಪುರದಲ್ಲಿ ಅಥವಾ ಗಡಹಿಂಗ್ಲಜದಲ್ಲಿ ವಾಸಿಸುವವರು ಫಿಲ್ಟರನ್ನು ಕರ್ನಾಟಕದ ನಿಪ್ಪಾಣಿಯಲ್ಲಿ ಕೊಂಡಿದ್ದರೂ ದೂರು ಹಾಕಲು ಬೆಳಗಾವಿಗೆ ಅಲೆಯಬೇಕಿಲ್ಲ. ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗಕ್ಕೂ ಅಧಿಕಾರವಿದೆ. ಅಂದರೆ ಕೊಲ್ಹಾಪುರದ ಜಿಲ್ಲಾ ಆಯೋಗಕ್ಕೆ ಹೋಗಬಹುದು. 1986ರ ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಬಿಲ್ ಕನ್ನಡದಲ್ಲಿದ್ದರೆ ಮರಾಠಿ ಅಥವಾ ಇಂಗ್ಲಿಷ್ ಅನುವಾದ ಲಗತ್ತಿಸಿದರೆ ಕೆಲಸ ಸಲೀಸು. ಮೊದಲು ಅಂಗಡಿಗೂ ತಯಾರಕರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಲಿಖಿತ ನೋಟಿಸ್ ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಇ-ಜಾಗೃತಿ ಪೋರ್ಟಲ್ ಮೂಲಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಕಾರಣ ಹುಟ್ಟಿದ ದಿನದಿಂದ 2 ವರ್ಷ ಗಡುವು. ವಕೀಲರನ್ನು ಇಡಲಾಗದ, ಉಚಿತ ಕಾನೂನು ನೆರವಿಗೆ ಅರ್ಹರಾದವರು 15100ಕ್ಕೆ ಕರೆಮಾಡಬಹುದು.

ಕೆಲವು ನೂರು ರೂಪಾಯಿಯ ಫಿಲ್ಟರಿಗೆ ಯಾರು ಆಯೋಗದ ಮೆಟ್ಟಿಲು ಹತ್ತುತ್ತಾರೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಫಿಲ್ಟರಿನ ಬೆಲೆಯದಲ್ಲ, ಅದು ಕೆಡಿಸಿದ ಎಂಜಿನ್ನಿನದು. ಸರಕಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ಎಂಜಿನ್ ಹಾನಿಯ ಪರಿಹಾರವನ್ನು ಅದೇ ದೂರಿನಲ್ಲಿ ಕೇಳಬಹುದು. ಇಚಲಕರಂಜಿಯಂಥ ಮಗ್ಗದ ಊರಿನಲ್ಲಿ ನೂಲಿನ ಬೀಮು, ಬಟ್ಟೆಯ ತಾನು ಸಾಗಿಸುವ ಟೆಂಪೋದವರು, ರಿಕ್ಷಾದವರು ತಾವು ವ್ಯಾಪಾರಿಗಳು, ಗ್ರಾಹಕರಲ್ಲ ಎಂದು ಹಿಂದೆ ಸರಿಯಬೇಕಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾತ್ರ ಬಳಸುವುದನ್ನು ಕಾಯ್ದೆ ವಾಣಿಜ್ಯ ಉದ್ದೇಶವೆಂದು ಎಣಿಸುವುದಿಲ್ಲ. ಚಾಲಕರನ್ನಿಟ್ಟು ಹಲವು ವಾಹನ ಓಡಿಸುವವರಿಗೆ ಈ ದಾರಿ ಕಠಿಣ ಎಂಬುದೂ ನಿಜ.

ಚಿಕ್ಕ ಅಂಗಡಿಯವನೇ ಸಗಟು ವ್ಯಾಪಾರಿಯಿಂದ ಮೋಸಹೋಗಿದ್ದರೆ? ಈ ಆಕ್ಷೇಪ ನ್ಯಾಯವಾದದ್ದು, ಕಾಯ್ದೆ ಅದನ್ನು ಗಮನಿಸಿದೆ. ಉತ್ಪನ್ನದಿಂದಾದ ಹಾನಿಯ ಹೊಣೆ ತಯಾರಕನಲ್ಲದ ಮಾರಾಟಗಾರನ ಮೇಲೆ ಸುಮ್ಮನೆ ಬೀಳುವುದಿಲ್ಲ. ತಯಾರಕ ಯಾರೆಂದು ಗೊತ್ತಾಗದಿದ್ದರೆ, ಸರಕನ್ನು ನೋಡಿ ಪರೀಕ್ಷಿಸುವಲ್ಲಿ ತಕ್ಕ ಎಚ್ಚರ ವಹಿಸದಿದ್ದರೆ, ತಾನೇ ಪ್ರತ್ಯೇಕ ಭರವಸೆ ಕೊಟ್ಟಿದ್ದರೆ ಬೀಳುತ್ತದೆ. ಖರೀದಿಯ ಬಿಲ್ ಜೋಡಿಸಿಟ್ಟ ಅಂಗಡಿಯವನಿಗೆ ಆ ಬಿಲ್ಲೇ ಆಸರೆ. ಬೇರೆಯವರ ಟ್ರೇಡ್‌ಮಾರ್ಕ್ ಮುದ್ರಿಸಿದ ನಕಲಿ ಮಾಲಿನ ವ್ಯವಹಾರ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ 6 ತಿಂಗಳಿಂದ 3 ವರ್ಷದವರೆಗೆ ಜೈಲಿಗೆ ಕಾರಣವಾಗುವ ಅಪರಾಧ. ಅದಕ್ಕೆ ಪೊಲೀಸ್ ದೂರಿನ ದಾರಿ ಬೇರೆಯೇ ಇದೆ. ಹಾಗಾಗಿ ವಿವರವಾದ ಬಿಲ್ ಕೇಳುವುದು ಅಂಗಡಿಯವನ ಮೇಲಿನ ಅಪನಂಬಿಕೆಯಲ್ಲ. ಕೊಳ್ಳುವವನು ಬಿಲ್ ಕೇಳಿದರೆ ಅಂಗಡಿಯವನೂ ಸಗಟು ವ್ಯಾಪಾರಿಯಿಂದ ಬಿಲ್ ಕೇಳಲೇಬೇಕಾಗುತ್ತದೆ. ಹೆಸರು, ವಿಳಾಸ ಹೇಳಲಾಗದ ಮಾಲಿಗೆ ಆಗ ಅಂಗಡಿಯ ಕಪಾಟಿನಲ್ಲಿ ಜಾಗ ಸಿಗುವುದಿಲ್ಲ.