ಅಪ್ಪನ ಯೆಜ್ಡಿಗೆ ಹೊಸ ವೇಷ ಬೇಕೆ?

ನಿಮ್ಮ ತಂದೆಯವರ ಯೆಜ್ಡಿ ರೋಡ್‌ಕಿಂಗ್‌ಗೆ ತಲೆಬುರುಡೆ ಚಿತ್ರದ ಟ್ಯಾಂಕ್, ಎತ್ತರದ ಹ್ಯಾಂಡಲ್, ಗುಡುಗುವ ಸೈಲೆನ್ಸರ್ ಹಾಕಿಸುವ ಆಸೆಯೆಂದು ಬರೆದಿದ್ದೀರಿ. ಬೇಡ ಎನ್ನುವುದೇ ನನ್ನ ಸಲಹೆ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ತಲೆಬುರುಡೆ ಸ್ಟಿಕ್ಕರ್ ನಾಳೆಯೂ ಸಿಗುತ್ತದೆ, ಅಲ್ಲಿ ತಯಾರಾದ ಟ್ಯಾಂಕ್ ಕಳೆದುಕೊಂಡರೆ ಮತ್ತೆ ಹುಡುಕುವುದು ಬಲು ಕಷ್ಟ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರ್ ಹೊಡೆದು ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್! ಇಷ್ಟು ಸ್ವಂತಿಕೆಯಿರುವ ಗಾಡಿಗೆ ಇನ್ನೊಂದರ ವೇಷ ಏಕೆ?

ಸೈಲೆನ್ಸರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಅದು ಸದ್ದಡಗಿಸುವ ಕೊಳವೆ ಮಾತ್ರವಲ್ಲ. ಒತ್ತಡದ ಅಲೆಯನ್ನು ಹಿಂದಕ್ಕೆ ಕಳಿಸಿ, ಸುಡದ ಪೆಟ್ರೋಲ್ ಹೊರಗೆ ಹೋಗದಂತೆ ತಡೆಯುವುದೂ ಅದೇ. ಬಾಯಿ ತೆರೆದ ಪೈಪ್ ಹಾಕಿಸಿದರೆ ಸದ್ದು ಏರುತ್ತದೆ, ಎಳೆತ ಕುಗ್ಗುತ್ತದೆ. ಈಗ ಗಾಡಿ ಮಂಕಾಗಿ ಓಡುತ್ತಿದ್ದರೆ ಒಳಗೆ ಮಸಿ ಕಟ್ಟಿರಬಹುದು. ಬಿಚ್ಚಿ ಶುಚಿ ಮಾಡಿಸಿ. ಇನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ನಮೂದಿಸಬೇಕು.

ನಿಮ್ಮ ಆಸೆಯನ್ನು ಪೂರ್ತಿ ಬಿಡಬೇಕಿಲ್ಲ. ಸೀಟ್ ಕವರ್, ಪಕ್ಕದ ಚೀಲ, ಹೆಲ್ಮೆಟ್ಟಿನ ಚಿತ್ರ ನಿಮ್ಮಿಷ್ಟದಂತೆ ಇರಲಿ. ಅವನ್ನು ಬೇಕೆಂದಾಗ ತೆಗೆಯಬಹುದು. ಗ್ಯಾರೇಜಿನವರು ಏನೇ ಹೇಳಲಿ, ಬಿಚ್ಚಿದ ಅಸಲಿ ಭಾಗವನ್ನು ಗುಜರಿಗೆ ಕೊಡಬೇಡಿ. ಎಣ್ಣೆ ಸವರಿ, ಬಟ್ಟೆ ಸುತ್ತಿ ಮನೆಯಲ್ಲೇ ಎತ್ತಿಡಿ.